ವಾರಕ್ಕೊಂದು ಗುರುವಾರ

ನಮ್ಮ ಕ್ಯಾಂಪಸ್‌ನಲ್ಲಿ ಯಾರಾದ್ರೂ ಸ್ವಲ್ಪ ಚೆನ್ನಾಗಿ ಹಾಡಿದ್ರೆ ಅಥವಾ ನುಡಿಸಿದ್ರೆ ಅವರಿಗೆ ಸಿಗೋ ಸಲಹೆ ಎರಡೇ. ಒಂದು ಫ್ರೆಂಡ್ಸ್‌ದು: "ಗುರು, ನೀನ್ಯಾಕೆ ಇಲ್ಲಿ ಸರ್ಕ್ಯೂಟ್ ಬಿಡಿಸ್ತಾ ಕೂತಿದೀಯ, ಎಲ್ಲಾ ಬಿಟ್ಟು ಮ್ಯೂಸಿಕ್ ಮಾಡು." ಇನ್ನೊಂದು ಮನೆಯವರದು: "ಮೊದ್ಲು ಡಿಗ್ರಿ ಮುಗ್ಸು, ಕೆಲ್ಸ ಹಿಡಿ, ಆಮೇಲೆ ಇವೆಲ್ಲ ಇದ್ದಿದ್ದೇ." ಕೇಳೋಕೆ ಒಂದಕ್ಕೊಂದು ವಿರುದ್ಧ ಅನ್ಸುತ್ತೆ. ಆದರೆ ಎರಡರ ಒಳಗೂ ಇರೋದು ಒಂದೇ ಲೆಕ್ಕ: ಇದೋ ಅದೋ, ಒಂದನ್ನ ಇಟ್ಕೊ, ಒಂದನ್ನ ಬಿಡು.

ಈ ಲೆಕ್ಕಾನೇ ಒಪ್ಪದೇ ಇದ್ದ ಐದು ಜನರ ಬಗ್ಗೆ ಬರೀಬೇಕು ಅಂತ ತುಂಬ ದಿನದಿಂದ ಅಂದ್ಕೊಂಡಿದ್ದೆ. ಅವರ ಬ್ಯಾಂಡ್ ಹೆಸರು ದಿ ಸೆಲ್ಡಮ್ ಸೀನ್. 1971ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾದಲ್ಲಿ, ಅಂದ್ರೆ ವಾಷಿಂಗ್ಟನ್ ನಗರಕ್ಕೆ ಅಂಟಿಕೊಂಡಿರೋ ಊರಲ್ಲಿ ಶುರುವಾಯ್ತು. ನುಡಿಸೋದು ಬ್ಲೂಗ್ರಾಸ್. ನಮ್ಮಲ್ಲಿ ಬಹಳ ಜನಕ್ಕೆ ಈ ಪದಾನೇ ಹೊಸದು, ಹಾಗಾಗಿ ಸ್ವಲ್ಪ ಹೇಳಿಬಿಡ್ತೀನಿ.

ಕೆಂಟಕಿ, ವರ್ಜೀನಿಯಾ, ಟೆನೆಸ್ಸಿ ಕಡೆಯ ಬೆಟ್ಟಗುಡ್ಡದ ಜನರ ಹಾಡು, ಕರಿಯರ ಬ್ಲೂಸ್, ಚರ್ಚಿನ ಹಾಡು ಎಲ್ಲ ಸೇರಿ ಹುಟ್ಟಿದ ಸಂಗೀತ ಇದು. ಹೆಸರು ಬಂದಿದ್ದು ಕೆಂಟಕಿಯ ಬಿಲ್ ಮನ್ರೋ ಅವರ 'ಬ್ಲೂ ಗ್ರಾಸ್ ಬಾಯ್ಸ್' ತಂಡದಿಂದ. 1945ರ ಕೊನೇಲಿ ಅರ್ಲ್ ಸ್ಕ್ರಗ್ಸ್ ಅನ್ನೋ ಹುಡುಗ ಮೂರು ಬೆರಳಲ್ಲಿ ಬ್ಯಾಂಜೋ ಉರುಳಿಸ್ತಾ ಆ ತಂಡ ಸೇರಿದ ಮೇಲೆ ಇವತ್ತು ನಾವು ಕೇಳೋ ಸದ್ದು ಪಕ್ಕಾ ಆಯ್ತು. ಡ್ರಮ್ಸ್ ಇರಲ್ಲ. ಹಾಗಂತ ತಾಳ ಇಲ್ಲ ಅಂತಲ್ಲ. ದೊಡ್ಡ ನಿಲ್ಲೋ ಬೇಸ್ 'ಧುಮ್' ಅಂದ್ರೆ, ಆ ಎರಡು ಧುಮ್‌ಗಳ ನಡುವೆ ಮ್ಯಾಂಡೊಲಿನ್‌ನವರು ತಂತಿ ಹಿಡಿದು 'ಚಕ್' ಅಂತ ಕತ್ತರಿಸ್ತಾರೆ. ಮುಚ್ಚಿದ ಕಣ್ಣಲ್ಲಿ ಕೇಳಿದ್ರೆ ಡ್ರಮ್ಸ್ ಇದೆ ಅಂತಾನೇ ಅನ್ಸುತ್ತೆ. ಎಲ್ಲರೂ ಒಟ್ಟಿಗೆ ಒಂದು ಸುತ್ತು ಹಾಡಿ, ಆಮೇಲೆ ಒಬ್ಬೊಬ್ಬರಾಗಿ ಮುಂದೆ ಬಂದು ತಮ್ಮ ಕೈಚಳಕ ತೋರಿಸಿ ಹಿಂದೆ ಸರೀತಾರೆ. ನಮ್ಮ ಕಚೇರಿಯಲ್ಲಿ ತನಿ ಆವರ್ತನ ಬರುತ್ತಲ್ಲ, ಆ ಥರದ ಖುಷಿ. ಆದರೆ ಇಲ್ಲಿ ಪ್ರತಿ ಹಾಡಲ್ಲೂ ಎಲ್ಲರಿಗೂ ಒಂದೊಂದು ಪುಟ್ಟ ತನಿ.

ಎರಡನೇ ಮಹಾಯುದ್ಧದ ಕಾಲದಲ್ಲೂ ಅದರ ನಂತರವೂ ಆ ಬೆಟ್ಟಗಳಿಂದ ತುಂಬಾ ಜನ ಕೆಲಸ ಹುಡುಕಿಕೊಂಡು ವಾಷಿಂಗ್ಟನ್, ಬಾಲ್ಟಿಮೋರ್ ಕಡೆ ಬಂದ್ರು. ಜತೆಗೆ ಹಾಡೂ ಬಂತು. ಹೀಗೆ ಹಳ್ಳಿ ಸಂಗೀತ ಸರ್ಕಾರಿ ಆಫೀಸುಗಳ ಊರಲ್ಲಿ ಬೇರುಬಿಟ್ಟಿತು.

ಈಗ ಆ ಐದು ಜನ. ಇದೇ ನನಗೆ ತಲೆಕೆಡಿಸಿದ್ದು. ಬ್ಯಾಂಜೋ ನುಡಿಸ್ತಿದ್ದ ಬೆನ್ ಎಲ್ಡ್ರಿಜ್ ಗಣಿತಜ್ಞ. ಗಿಟಾರ್ ಹಿಡಿದು ಮುಖ್ಯ ದನಿಯಲ್ಲಿ ಹಾಡ್ತಿದ್ದ ಜಾನ್ ಸ್ಟಾರ್ಲಿಂಗ್ ಡಾಕ್ಟರ್, ಸೇನೆಯ ವಾಲ್ಟರ್ ರೀಡ್ ಆಸ್ಪತ್ರೆಯಲ್ಲಿದ್ದವರು. ಬೇಸ್ ನುಡಿಸ್ತಿದ್ದ ಟಾಮ್ ಗ್ರೇ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ನಕ್ಷೆ ಬರೆಯೋರು. ಡೋಬ್ರೋದ ಮೈಕ್ ಆಲ್ಡ್ರಿಜ್ ಗ್ರಾಫಿಕ್ ಆರ್ಟಿಸ್ಟ್, ವಾಷಿಂಗ್ಟನ್ ಸ್ಟಾರ್ ಪತ್ರಿಕೆಯಲ್ಲಿ ಕೆಲಸ ಮಾಡ್ತಿದ್ದರು. ಐದನೆಯವರು ಜಾನ್ ಡಫಿ, ಮ್ಯಾಂಡೊಲಿನ್ ಮತ್ತು ಮೇಲಿನ ಸ್ಥಾಯಿಯ ದನಿ. ಈ ಐವರಲ್ಲಿ ಆಗಲೇ ಹೆಸರು ಮಾಡಿದ್ದವರು ಅವರು. 1957ರಿಂದ 'ಕಂಟ್ರಿ ಜೆಂಟಲ್‌ಮೆನ್' ತಂಡದಲ್ಲಿದ್ದು, ಊರೂರು ಸುತ್ತೋದು ಸಾಕಾಗಿ 1969ರಲ್ಲಿ ಬಿಟ್ಟು ವಾದ್ಯ ರಿಪೇರಿ ಮಾಡ್ಕೊಂಡಿದ್ದರು.

ಇವರು ಸೇರಿದ್ದು ಬ್ಯಾಂಡ್ ಮಾಡೋಣ ಅಂತ ಅಲ್ಲ. ಎಲ್ಡ್ರಿಜ್ ಮನೆಯ ನೆಲಮಾಳಿಗೆಯಲ್ಲಿ ವಾರಕ್ಕೊಂದು ಸಲ, ಬೇರೆ ಗಂಡಸರು ಇಸ್ಪೀಟ್ ಆಡೋಕೆ ಸೇರ್ತಾರಲ್ಲ ಹಾಗೆ, ಇವರು ನುಡಿಸೋಕೆ ಸೇರ್ತಿದ್ದರು. ಆಮೇಲೆ ಹೊರಗೆ ನುಡಿಸಿದ್ರೂ ವಾರಕ್ಕೊಂದು ರಾತ್ರಿ ಮಾತ್ರ ಅಂತ ಮಾಡ್ಕೊಂಡರು. ಯಾರೂ ಕೆಲಸ ಬಿಡೋ ಹಾಗಿಲ್ಲ. ಇದನ್ನ ಕೇಳಿದ ಡಫಿಯ ಹಳೇ ಜತೆಗಾರ ಚಾರ್ಲಿ ವಾಲರ್, ಹಾಗಾದ್ರೆ ನೀವು ಕಣ್ಣಿಗೆ ಕಾಣೋದೇ ಅಪರೂಪ ಅಂತ ತಮಾಷೆ ಮಾಡಿದರಂತೆ. ಇಂಗ್ಲಿಷ್‌ನಲ್ಲಿ 'ಅಪರೂಪಕ್ಕೆ ಕಂಡ' ಅನ್ನೋದಕ್ಕೂ 'ಅಪರೂಪದ ದೃಶ್ಯ' ಅನ್ನೋದಕ್ಕೂ ಉಚ್ಚಾರಣೆ ಒಂದೇ. ಒಂದಕ್ಷರ ಅತ್ತಿತ್ತ ಮಾಡಿ ಆ ಜೋಕನ್ನೇ ಹೆಸರಾಗಿ ಇಟ್ಕೊಂಡು ಬಿಟ್ಟರು.

ಮೊದಲು ಬೆಥೆಸ್ಡಾದ ರೆಡ್ ಫಾಕ್ಸ್ ಇನ್ ಅನ್ನೋ ಜಾಗ. ನಂತರ ಪೊಟೊಮ್ಯಾಕ್ ನದಿಯ ಆಚೆ, ವರ್ಜೀನಿಯಾದಲ್ಲಿರೋ ಬರ್ಚ್‌ಮಿಯರ್. ಅಲ್ಲಿ ಗುರುವಾರ ರಾತ್ರಿ ಅಂದ್ರೆ ಸೆಲ್ಡಮ್ ಸೀನ್ ಅಂತ ವರ್ಷಗಟ್ಟಲೆ ನಡೀತು. ಸೋಮವಾರದಿಂದ ಶುಕ್ರವಾರದವರೆಗೆ ರೋಗಿಗಳು, ಸಮೀಕರಣಗಳು, ನಕ್ಷೆಗಳು. ಗುರುವಾರ ಸಂಜೆ ಟೈ ಬಿಚ್ಚಿ ಬ್ಯಾಂಜೋ ಎತ್ಕೊಳ್ಳೋದು.

"ಸರಿ ಬಿಡು, ಹವ್ಯಾಸಕ್ಕೆ ನುಡಿಸ್ತಿದ್ರು" ಅಂತ ನೀವು ಅನ್ನಬಹುದು. ಹವ್ಯಾಸ ಅನ್ನೋ ಪದಾನ ನಾವು ಬಳಸೋದು ಹೇಗೆ ನೋಡಿ. ರೆಸ್ಯೂಮೆಯ ಕೊನೇ ಸಾಲಿಗೆ, ಕ್ರಿಕೆಟ್ ಮತ್ತು ಪುಸ್ತಕ ಓದುವುದರ ಪಕ್ಕ. ಅಂದ್ರೆ 'ಸುಮಾರಾಗಿ ಬರುತ್ತೆ' ಅಂತ ಅರ್ಥ. ಈ ಬ್ಯಾಂಡ್‌ನ ಹಾಗೆ ತಳ್ಳಿಹಾಕೋಕೆ ಆಗಲ್ಲ. ಆಲ್ಡ್ರಿಜ್ ನಂತರ ಡೋಬ್ರೋ ನುಡಿಸೋ ರೀತಿಯೇ ಬದಲಾಯ್ತು. ಲಿಂಡಾ ರಾನ್‌ಸ್ಟಾಟ್ ಥರದ ಸ್ಟಾರ್ ಗಾಯಕಿ ಬಂದು ಇವರ ಜತೆ ಹಾಡಿದ್ದಾರೆ. 2014ರಲ್ಲಿ ಅಂತರರಾಷ್ಟ್ರೀಯ ಬ್ಲೂಗ್ರಾಸ್ ಸಂಗೀತ ಸಂಘದ ಹಾಲ್ ಆಫ್ ಫೇಮ್‌ಗೆ ಮೂಲ ತಂಡದ ಐವರನ್ನೂ ಸೇರಿಸಿಕೊಂಡರು. ಜೀವನಪೂರ್ತಿ ಬಸ್ಸಲ್ಲಿ ಸುತ್ತಿ ಸಂಗೀತಾನೇ ಹೊಟ್ಟೆಪಾಡು ಮಾಡ್ಕೊಂಡ ಎಷ್ಟೋ ತಂಡಗಳಿಗೆ ಸಿಗದ ಮರ್ಯಾದೆ ಅದು.

ನನ್ನ ಅಭಿಪ್ರಾಯ ಕೇಳಿದ್ರೆ, ಕೆಲಸ ಇದ್ದಿದ್ದರಿಂದಲೇ ಇವರ ಸಂಗೀತ ಹೀಗಾಯ್ತು. ಸಂಬಳ ಬೇರೆ ಕಡೆಯಿಂದ ಬರೋವಾಗ ಏನು ಹಾಡಬೇಕು ಅನ್ನೋದನ್ನ ಯಾರನ್ನೂ ಕೇಳಬೇಕಿಲ್ಲ. 1972ರ ಮೊದಲ ಆಲ್ಬಮ್ 'ಆಕ್ಟ್ 1' ತೆಗೆದು ನೋಡಿ. ಜೇಮ್ಸ್ ಟೇಲರ್‌ನ 'ಸ್ವೀಟ್ ಬೇಬಿ ಜೇಮ್ಸ್' ಇದೆ, ಸ್ಟೀವ್ ಗುಡ್‌ಮನ್‌ನ 'ಸಿಟಿ ಆಫ್ ನ್ಯೂ ಆರ್ಲಿಯನ್ಸ್' ಇದೆ, ಪಕ್ಕದಲ್ಲೇ ಬಿಲ್ ಮನ್ರೋ ಹಾಡಿದ್ದೂ ಇದೆ. ಆಮೇಲೆ ಜೆ. ಜೆ. ಕೇಲ್‌ನ 'ಆಫ್ಟರ್ ಮಿಡ್‌ನೈಟ್' ಹಾಡನ್ನೂ ಬ್ಯಾಂಜೋ ಹಾಕಿ ಹಾಡಿ, 1981ರಲ್ಲಿ ಒಂದು ಆಲ್ಬಮ್‌ಗೆ ಅದೇ ಹೆಸರಿಟ್ಟರು. ಸಂಪ್ರದಾಯದವರಿಗೆ ಇದು ಸೇರಲ್ಲ, ರಾಕ್ ಕೇಳೋರಿಗೆ ಬ್ಯಾಂಜೋ ಸೇರಲ್ಲ. ಮಾರ್ಕೆಟ್ ದೃಷ್ಟಿಯಲ್ಲಿ ಪೂರ್ತಿ ತಪ್ಪು ಐಡಿಯಾ. ಆದರೆ ಇವರಿಗೆ ಶುಕ್ರವಾರ ಬೆಳಗ್ಗೆ ಆಫೀಸ್ ಇತ್ತಲ್ಲ, ತಲೆ ಕೆಡಿಸ್ಕೊಳ್ಳಬೇಕಾದ್ದೇ ಇರಲಿಲ್ಲ. ಇದಕ್ಕೆ ಪ್ರೋಗ್ರೆಸಿವ್ ಬ್ಲೂಗ್ರಾಸ್ ಅಂತ ಹೆಸರು. ಹೊಸದು ಮಾಡ್ತೀವಿ ಅಂತ ಬೋರ್ಡ್ ಹಾಕ್ಕೊಂಡು ಹೊರಟವರ ಥರ ಇವರು ಕೇಳಿಸಲ್ಲ. ಇಷ್ಟಪಟ್ಟಿದ್ದನ್ನ ಹಾಡಿದ್ದಾರೆ, ಅಷ್ಟೇ.

ಪಿಟೀಲು ಇಲ್ಲದ ಬ್ಲೂಗ್ರಾಸ್ ತಂಡ ಆಗ ಅಪರೂಪ. ಇವರು ಪಿಟೀಲಿನ ಜಾಗದಲ್ಲಿ ಡೋಬ್ರೋ ಇಟ್ಟರು. ಡೋಬ್ರೋ ಬಗ್ಗೆ ಒಂದು ಪ್ಯಾರಾ ಬರೀಲೇಬೇಕು, ಇಂಜಿನಿಯರಿಂಗ್ ಓದೋರು ಕ್ಷಮಿಸ್ತೀರ. ನೋಡೋಕೆ ಗಿಟಾರ್, ಆದರೆ ಮುಖ ಮೇಲೆ ಮಾಡಿ ಅಡ್ಡಡ್ಡ ಮಲಗಿಸ್ತಾರೆ. ಎಡಗೈಯಲ್ಲಿ ಒಂದು ಸ್ಟೀಲ್ ಕಂಬಿ ಹಿಡಿದು ತಂತಿ ಮೇಲೆ ಜಾರಿಸ್ತಾರೆ. ನಮ್ಮ ಗೋಟುವಾದ್ಯ ನೋಡಿದ್ದರೆ ತಕ್ಷಣ ಗೊತ್ತಾಗುತ್ತೆ. ಸ್ವರದಿಂದ ಸ್ವರಕ್ಕೆ ಹಾರಲ್ಲ, ನಡೆದು ಹೋಗುತ್ತೆ, ಗಮಕದ ಹಾಗೆ. ಮಧ್ಯದಲ್ಲಿ ತೂತಿನ ಬದಲು ಲೋಹದ ಮುಚ್ಚಳ. ಅದರ ಕೆಳಗೆ ತೆಳು ಅಲ್ಯೂಮಿನಿಯಂ ಕೋನ್. ತಂತಿಯ ಕಂಪನ ಬ್ರಿಡ್ಜ್ ಮೂಲಕ ಆ ಕೋನ್‌ಗೆ ಹೋಗಿ ಅದು ಗಾಳಿಯನ್ನ ತಳ್ಳುತ್ತೆ. ಅಂದ್ರೆ ಕರೆಂಟೇ ಇಲ್ಲದ ಲೌಡ್‌ಸ್ಪೀಕರ್! ಆಂಪ್ಲಿಫೈಯರ್ ಇಲ್ಲದ ಕಾಲದಲ್ಲಿ ಗಿಟಾರ್ ಸದ್ದು ಹೆಚ್ಚಿಸೋಕೆ ಮಾಡಿದ ಉಪಾಯ. ಬೇರೆಯವರು ಇದನ್ನ ಜೋರಾಗಿ, ಚುರುಕಾಗಿ ಬಾರಿಸ್ತಿದ್ದಾಗ ಆಲ್ಡ್ರಿಜ್ ನಯವಾಗಿ, ಉಸಿರು ಬಿಟ್ಟ ಹಾಗೆ ನುಡಿಸಿದರು. ಡ್ರಾಯಿಂಗ್ ಬೋರ್ಡ್ ಮುಂದೆ ಕೂತು ಗೆರೆ ಎಳೆಯೋ ಮನುಷ್ಯ ನುಡಿಸ್ತಿದ್ದಾರೆ ಅಂತ ನನಗೆ ಯಾವಾಗಲೂ ಅನ್ಸುತ್ತೆ. ಇದಕ್ಕೆ ಪುರಾವೆ ಏನೂ ಇಲ್ಲ, ಸುಮ್ನೆ ನನ್ನ ಕಲ್ಪನೆ.

ಸ್ಟುಡಿಯೋ ಆಲ್ಬಮ್‌ಗಳು ಚೆನ್ನಾಗಿವೆ, ಇಲ್ಲ ಅನ್ನಲ್ಲ. ಆದರೆ ಈ ತಂಡ ಅಂದ್ರೆ ಸ್ಟೇಜ್. 1974ರ ಡಿಸೆಂಬರ್ ಕೊನೇಲಿ ವಾಷಿಂಗ್ಟನ್‌ನ ಜಾರ್ಜ್‌ಟೌನ್‌ನಲ್ಲಿದ್ದ ಸೆಲ್ಲರ್ ಡೋರ್ ಅನ್ನೋ ಪುಟ್ಟ ಕ್ಲಬ್‌ನಲ್ಲಿ ನುಡಿಸಿದ್ದನ್ನ ರೆಕಾರ್ಡ್ ಮಾಡಿ 1975ರಲ್ಲಿ ಎರಡು ಎಲ್‌ಪಿಗಳಾಗಿ ತಂದರು, 'ಲೈವ್ ಅಟ್ ದ ಸೆಲ್ಲರ್ ಡೋರ್'. ಮೈಲ್ಸ್ ಡೇವಿಸ್ 1970ರಲ್ಲಿ ರೆಕಾರ್ಡ್ ಮಾಡಿದ್ದೂ ಅದೇ ಕ್ಲಬ್‌ನಲ್ಲಿ. ಇಯರ್‌ಫೋನ್ ಹಾಕ್ಕೊಂಡು ಈ ಆಲ್ಬಮ್ ಕೇಳಿ. ಹಾಡುಗಳ ನಡುವೆ ಡಫಿ ಮಾತಾಡೋದು, ಜನ ನಗೋದು, ಯಾರೋ ಏನೋ ಕೂಗೋದು, ಶ್ರುತಿ ಮಾಡ್ಕೊಳ್ಳೋದು ಎಲ್ಲಾ ಹಾಗೇ ಇದೆ. ಡಫಿ ಎತ್ತರದ, ದಪ್ಪ ಮನುಷ್ಯ. ಅವರ ತಂದೆ ಆಪೆರಾ ಹಾಡುಗಾರರು. ಅಷ್ಟು ದೊಡ್ಡ ದೇಹದಿಂದ ಅಷ್ಟು ಎತ್ತರದ ದನಿ ಬರುತ್ತೆ ಅಂತ ನಂಬೋಕಾಗಲ್ಲ. ಜನರನ್ನ ರೇಗಿಸ್ತಾರೆ, ತಂಡದವರನ್ನ ರೇಗಿಸ್ತಾರೆ, ತಮ್ಮನ್ನೇ ರೇಗಿಸ್ಕೊಳ್ತಾರೆ. ಆಮೇಲೆ ಒಂದು ಸೆಕೆಂಡ್ ಬಿಡುವಿಲ್ಲದೆ ಮೂರು ದನಿ ಒಟ್ಟಿಗೆ ಎದ್ದು ನಿಲ್ಲುತ್ತೆ. ಸ್ಟಾರ್ಲಿಂಗ್ ನಡುವೆ, ಡಫಿ ಮೇಲೆ, ಆಲ್ಡ್ರಿಜ್ ಕೆಳಗೆ. ನಗ್ತಾ ಇದ್ದ ರೂಮು ಗಪ್ ಚುಪ್.

ಅದರಲ್ಲಿ 'ರೈಡರ್' ಅಂತ ಒಂದಿದೆ. ಹಳೇ ಬ್ಲೂಸ್ ಹಾಡು, ಗ್ರೇಟ್‌ಫುಲ್ ಡೆಡ್ ರಾಕ್ ತಂಡದವರೂ ಹಾಡ್ತಿದ್ದರು. ಸೆಲ್ಡಮ್ ಸೀನ್ ಕೈಲಿ ಅದು ಉದ್ದಕ್ಕೆ ಬೆಳೆಯುತ್ತೆ. ಬ್ಯಾಂಜೋ ಒಂದು ದಾರಿ ಹಿಡಿದು ಹೋಗಿ ವಾಪಸ್ ಬರೋ ಹೊತ್ತಿಗೆ ಡೋಬ್ರೋ ಇನ್ನೊಂದು ಕಡೆ ಹೊರಟಿರುತ್ತೆ, ಮ್ಯಾಂಡೊಲಿನ್ ಮಧ್ಯೆ ತಲೆ ಹಾಕುತ್ತೆ. ಎಲ್ಡ್ರಿಜ್ ಬ್ಯಾಂಜೋದಲ್ಲಿ ಗಣಿತ ಕೇಳಿಸುತ್ತಾ ಅಂತ ಒಬ್ಬ ಫ್ರೆಂಡ್ ಕೇಳಿದ. ಕೇಳಿಸುತ್ತೆ ಕಣೋ. ನಾಲ್ಕರ ತಾಳದ ಮೇಲೆ ಮೂರು ಬೆರಳು ಓಡ್ತಾ ಇರುತ್ತೆ. ಎಂಟು ಸ್ವರಾನ ಮೂರು-ಮೂರು-ಎರಡು ಅಂತ ಒಡೆದು ಜೋಡಿಸೋದು ಬ್ಯಾಂಜೋದ ಮಾಮೂಲಿ ಲೆಕ್ಕ. ಮೃದಂಗ ಕಲಿತವರಿಗೆ ಇದನ್ನ ವಿವರಿಸೋದೇ ಬೇಡ.

ಒಂದೇ ಜಾಗದಲ್ಲಿ ಪ್ರತಿ ವಾರ ನುಡಿಸೋದ್ರಲ್ಲಿ ಒಂದು ಕಷ್ಟ ಇದೆ. ಟೂರ್ ಮಾಡೋ ಬ್ಯಾಂಡ್‌ಗೆ ಒಂದೇ ಜೋಕ್, ಒಂದೇ ಸೋಲೋ ನಲವತ್ತು ಊರಲ್ಲಿ ನಡೆಯುತ್ತೆ. ಗುರುವಾರದ ಬ್ಯಾಂಡ್‌ಗೆ ನಡೆಯಲ್ಲ, ಎದುರಿಗೆ ಹೋದ ವಾರದ ಮುಖಗಳೇ ಕೂತಿರ್ತವೆ. ಹೊಸ ಹಾಡು ತರಬೇಕು, ಇಲ್ಲಾ ಹಳೇ ಹಾಡನ್ನ ಬೇರೆ ಥರ ನುಡಿಸಬೇಕು. ಕೇಳುಗರೂ ಪಳಗಿರ್ತಾರೆ. ಬರ್ಚ್‌ಮಿಯರ್‌ನಲ್ಲಿ ಹಾಡು ನಡೀವಾಗ ಮಾತಾಡಬೇಡಿ ಅಂತ ಕಟ್ಟುನಿಟ್ಟು. ಊಟ ಇದೆ, ಬಿಯರ್ ಇದೆ, ಆದರೆ ಸದ್ದಿಲ್ಲ. ಗ್ಯಾರಿ ಓಲ್ಝ್ ಅನ್ನೋರು ಆ ಜಾಗಾನ ಕಟ್ಟಿದ್ದೇ ಹಾಗೆ, ಕೇಳೋಕೆ ಬರೋರಿಗೆ ಅಂತ. ಐದು ಜನ ಆಫೀಸ್ ಕೆಲಸದವರು ಮತ್ತು ಬಾಯಿ ಮುಚ್ಚಿ ಕೇಳೋ ಒಂದು ರೂಮು ಸೇರಿದ್ರೆ ಏನಾಗುತ್ತೆ ಅನ್ನೋದಕ್ಕೆ ಆ ವರ್ಷಗಳೇ ಸಾಕ್ಷಿ. 1991ರಲ್ಲಿ ತಂಡಕ್ಕೆ 20 ವರ್ಷ ತುಂಬಿದಾಗ ಸಂಭ್ರಮದ ಕಾರ್ಯಕ್ರಮ ಮಾಡಿ ರೆಕಾರ್ಡ್ ಮಾಡಿದ್ದೂ ಅಲ್ಲೇ. ಅದಕ್ಕೂ ಮುಂಚೆ, 1986ರಲ್ಲಿ, 15ನೇ ವರ್ಷಕ್ಕೆ ಕೆನಡಿ ಸೆಂಟರ್‌ನಲ್ಲಿ ದೊಡ್ಡ ಕಾರ್ಯಕ್ರಮ ಆಗಿತ್ತು. ಎಮ್ಮಿಲೂ ಹ್ಯಾರಿಸ್, ಲಿಂಡಾ ರಾನ್‌ಸ್ಟಾಟ್ ಎಲ್ಲ ಬಂದಿದ್ದರು. ಭರ್ಜರಿಯಾಗಿದೆ, ಆದರೆ ನನಗೆ ಚಿಕ್ಕ ರೂಮಿನ ರೆಕಾರ್ಡಿಂಗೇ ಇಷ್ಟ.

ಇಷ್ಟು ಹೇಳಿ ನಿಲ್ಲಿಸಿದ್ರೆ ಮೋಸ ಆಗುತ್ತೆ. ಈ ಏರ್ಪಾಡಿಗೆ ಬೆಲೆಯೂ ಇತ್ತು. 1977ರಲ್ಲಿ ಸ್ಟಾರ್ಲಿಂಗ್ ವೈದ್ಯ ವೃತ್ತಿಗೆ ಪೂರ್ತಿ ಗಮನ ಕೊಡಬೇಕು ಅಂತ ತಂಡ ಬಿಟ್ಟರು. ಆ ದನಿ ಹೋಗೋದು ಅಂದ್ರೆ ಸಣ್ಣ ನಷ್ಟ ಅಲ್ಲ. ಅವರ ಜಾಗಕ್ಕೆ ಬಂದ ಫಿಲ್ ರೋಸೆಂಥಾಲ್ ಒಳ್ಳೆ ಹಾಡು ಬರೆಯೋರು, ಅವರು ಬರೆದಿದ್ದನ್ನ ತಂಡ ಮೊದಲೇ ಹಾಡಿತ್ತು ಕೂಡ. ಆದರೂ ಮೂರು ದನಿಯ ಆ ಮೊದಲ ಬಣ್ಣ ಮತ್ತೆ ಹಾಗೇ ಬರಲಿಲ್ಲ ಅಂತ ನನ್ನ ಕಿವಿ ಹೇಳುತ್ತೆ. ಆಲ್ಡ್ರಿಜ್ ಕಥೆ ಇನ್ನೊಂದು ಥರ. 1981ರಲ್ಲಿ ವಾಷಿಂಗ್ಟನ್ ಸ್ಟಾರ್ ಪತ್ರಿಕೆಯೇ ಮುಚ್ಚಿಹೋಯ್ತು. ಆಮೇಲೆ ಅವರಿಗೆ ಸಂಗೀತವೇ ಪೂರ್ಣಾವಧಿ. ಜೀವನ ಸಂಗೀತದಿಂದಲೇ ನಡೀಬೇಕು ಅನ್ನೋರಿಗೆ ವಾರಕ್ಕೊಂದು ಗುರುವಾರ ಸಾಲುತ್ತಾ? 1995ರಲ್ಲಿ ಆಲ್ಡ್ರಿಜ್, ಇನ್ನಿಬ್ಬರು ಸೇರಿ ಹೊರಗೆ ಹೋಗಿ 'ಚೆಸಪೀಕ್' ಅನ್ನೋ ತಂಡಕ್ಕೆ ಪೂರ್ತಿ ಸಮಯ ಕೊಟ್ಟರು. ಅವರ ಕಡೆಯೂ ನ್ಯಾಯ ಇದೆ. ಹೊರಗಿನ ಸಂಬಳ ಇದ್ದಾಗ ಮಾತ್ರ ಈ ಸ್ವಾತಂತ್ರ್ಯ ಸಿಹಿ.

ತಂಡ ನಿಲ್ಲಬೇಕಾಗಿತ್ತು, ನಿಲ್ಲಲಿಲ್ಲ. ಉಳಿದ ಡಫಿ, ಎಲ್ಡ್ರಿಜ್ ಜತೆ ಡಡ್ಲಿ ಕಾನೆಲ್, ಫ್ರೆಡ್ ಟ್ರಾವರ್ಸ್, ರಾನಿ ಸಿಂಪ್ಕಿನ್ಸ್ ಸೇರ್ಕೊಂಡರು. ಹೊಸ ಆಲ್ಬಮ್ ಬಂತು. ಅದೇ ವರ್ಷ, 1996ರ ಡಿಸೆಂಬರ್ 10ಕ್ಕೆ ಡಫಿ ತೀರಿಕೊಂಡರು. ತಂಡದ ಮುಖ, ನಾಲಿಗೆ, ತಲೆ ಎಲ್ಲ ಅವರೇ ಆಗಿದ್ದರು. ಎಲ್ಡ್ರಿಜ್ ಮುಂದುವರಿಸಿದರು. ಹಿಂದೆ ತಂಡದಲ್ಲಿದ್ದ ಲೂ ರೀಡ್ ಮ್ಯಾಂಡೊಲಿನ್ ಹಿಡಿದು ವಾಪಸ್ ಬಂದರು. 2016ರಲ್ಲಿ ಎಲ್ಡ್ರಿಜ್ ಕೂಡ ನಿವೃತ್ತರಾದರು, ಅಲ್ಲಿಗೆ ಮೂಲ ತಂಡದವರು ಒಬ್ಬರೂ ಇಲ್ಲ. ಬ್ಯಾಂಡ್ ಇನ್ನೂ ನುಡಿಸ್ತಿದೆ. ಎಲ್ಡ್ರಿಜ್ 2024ರಲ್ಲಿ ಹೋದರು. ಅವರ ಮಗ ಕ್ರಿಸ್ ಎಲ್ಡ್ರಿಜ್ 'ಪಂಚ್ ಬ್ರದರ್ಸ್' ತಂಡದ ಗಿಟಾರ್ ವಾದಕ, ಅವರನ್ನ ನಿಮ್ಮಲ್ಲಿ ಕೆಲವರು ಕೇಳಿರಬಹುದು.

ಇದನ್ನೆಲ್ಲ ಇಲ್ಲಿ ಯಾಕೆ ಬರೀತಿದೀನಿ ಅಂದ್ರೆ, ನಮ್ಮ ಕಾಲೇಜಿನಲ್ಲಿ ಸಂಗೀತಕ್ಕೆ ವರ್ಷಕ್ಕೆ ಒಂದೇ ದಿನ ಇರೋದು. ಫೆಸ್ಟ್. ಅವತ್ತು ಸೌಂಡ್ ಸಿಸ್ಟಮ್‌ಗೆ ದುಡ್ಡು ಸುರೀತೀವಿ, ಏಳು ನಿಮಿಷದ ಸ್ಲಾಟ್‌ಗೆ ಮೂರು ವಾರ ಜಗಳ ಆಡ್ತೀವಿ, ಸ್ಟೇಜ್ ಮೇಲೆ ಹೋದ್ರೆ ಮಾನಿಟರ್‌ನಲ್ಲಿ ಏನೂ ಕೇಳ್ಸಲ್ಲ, ಕೆಳಗಿರೋರು ರೀಲ್ಸ್ ಮಾಡ್ತಿರ್ತಾರೆ. ಮುಗೀತು, ಮುಂದಿನ ವರ್ಷ. ಹೀಗಿದ್ರೆ ಯಾರಿಗೆ ತಾನೇ ನುಡಿಸೋದು ಬರುತ್ತೆ? ನಮ್ಮ ಬ್ಯಾಚಲ್ಲೇ ಒಬ್ಬ ಇದ್ದಾನೆ. ಹತ್ತು ವರ್ಷ ಪಿಟೀಲು ಕಲಿತವನು, ಕಿವಿ ಎಂಥದು ಅಂದ್ರೆ ಹಾಸ್ಟೆಲ್ ಫ್ಯಾನ್ ಯಾವ ಶ್ರುತಿಯಲ್ಲಿ ಗುಂಯ್‌ಗುಡುತ್ತೆ ಅಂತ ಹೇಳ್ತಾನೆ. ಹೋದ ತಿಂಗಳು ಪಿಟೀಲನ್ನ ಊರಿಗೆ ಕಳಿಸಿಬಿಟ್ಟ. ಪ್ಲೇಸ್‌ಮೆಂಟ್ ತಯಾರಿ ಶುರುಮಾಡ್ಬೇಕು, ಪೂರ್ತಿ ಮಾಡೋಕಾಗದೇ ಇದ್ರೆ ಇಟ್ಕೊಂಡು ಏನು ಪ್ರಯೋಜನ ಅಂದ. ಅವನಿಗೆ ಇವರೆಲ್ಲರ ಕಥೆ ಹೇಳಿದೆ. "ಅವ್ರು ಅಮೇರಿಕಾದವ್ರು ಮಗಾ, ಐದು ಗಂಟೆಗೆ ಆಫೀಸ್ ಮುಗಿಯುತ್ತೆ" ಅಂದ. ಅದೂ ನಿಜಾನೇ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಗುರುವಾರ ಸಂಜೆ ಏಳಕ್ಕೆ ಐದು ಜನ ಒಂದು ಕಡೆ ಸೇರೋದು ಎಷ್ಟು ಕಷ್ಟ ಅಂತ ನಮ್ಮ ಸೀನಿಯರ್‌ಗಳನ್ನ ಕೇಳಿದ್ರೆ ಗೊತ್ತಾಗುತ್ತೆ. ಆದರೆ ನಾವಿನ್ನೂ ಆ ಟ್ರಾಫಿಕ್‌ಗೆ ಬಿದ್ದಿಲ್ಲ. ಎಲ್ಲರೂ ಒಂದೇ ಕಾಂಪೌಂಡ್ ಒಳಗಿದೀವಿ, ಇನ್ನು ಎರಡೂವರೆ ವರ್ಷ ಇರ್ತೀವಿ.

ಹಾಗಾಗಿ ಕನ್ನಡ ಸಂಘಕ್ಕೂ ಮ್ಯೂಸಿಕ್ ಕ್ಲಬ್‌ಗೂ ನನ್ನದೊಂದು ಬೇಡಿಕೆ. ಫೆಸ್ಟ್‌ನಲ್ಲಿ ಇನ್ನೊಂದು ಸ್ಲಾಟ್ ಬೇಡ. ಒಂದು ರೂಮು ಕೊಡಿಸಿ, ವಾರಕ್ಕೊಂದು ಸಲ. ಮೈಕ್ ಬೇಡ, ಬ್ಯಾನರ್ ಬೇಡ, ಮುಖ್ಯ ಅತಿಥಿ ಖಂಡಿತಾ ಬೇಡ. ಭಾವಗೀತೆ ಹಾಡೋರು ಬರಲಿ, ತತ್ವಪದ ಹಾಡೋರು ಬರಲಿ, ಕೀಬೋರ್ಡ್ ಹೊತ್ಕೊಂಡು ಬರೋರು ಬರಲಿ. ನುಡಿಸೋರು ಐದು, ಕೇಳೋರು ಹತ್ತು ಜನ ಇದ್ರೂ ಸಾಕು. ಹಾಡು ನಡೀವಾಗ ಮಾತಾಡೋ ಹಾಗಿಲ್ಲ, ಫೋನ್ ಬ್ಯಾಗಲ್ಲಿ. ಹೋದ ವಾರದ್ದನ್ನೇ ಹಾಗೇ ಒಪ್ಪಿಸೋ ಹಾಗಿಲ್ಲ. ಆಕ್ಟಿವಿಟಿ ಪಾಯಿಂಟ್ಸ್ ಕೊಡ್ತಾರಾ ಅಂತ ಕೇಳೋರು ದಯವಿಟ್ಟು ಬರಬೇಡಿ, ನಿಮ್ಮಿಂದ ಗಲಾಟೆ ಜಾಸ್ತಿ.

ವರ್ಕ್‌ಶಾಪ್ ಮೇಲಿನ ಹಳೇ ಡ್ರಾಯಿಂಗ್ ಹಾಲ್ ಗುರುವಾರ 4.30ರ ಮೇಲೆ ಖಾಲಿ ಇರುತ್ತೆ, ನಾನು ಟೈಮ್‌ಟೇಬಲ್ ನೋಡಿದೀನಿ. ಬೀಗದ ಕೈ ಅಟೆಂಡರ್ ಹತ್ರ ಇದೆ, ಎಚ್‌ಓಡಿ ಸಹಿ ಇದ್ರೆ ಕೊಡ್ತಾರಂತೆ. ಪತ್ರ ಬರೆದಿಟ್ಟಿದೀನಿ, ಇನ್ನೂ ನಾಲ್ಕು ಜನ ಸಹಿ ಹಾಕಬೇಕು. ಪಿಟೀಲಿನವನ ಹೆಸರಿಗೆ ಒಂದು ಜಾಗ ಖಾಲಿ ಬಿಟ್ಟಿದೀನಿ. ಡೇ ಸ್ಕಾಲರ್‌ಗಳು ಯೋಚನೆ ಮಾಡಬೇಡಿ, 5.15ರ ಬಸ್ ತಪ್ಪಿದ್ರೆ 6.40ಕ್ಕೆ ಇನ್ನೊಂದಿದೆ.